ಅಜ್ಜಿಯ ಎದೆಗೆ ಅಂಟು ಹಚ್ಚಿದ್ದೇಕೆ?

ಪ್ರೀತಿಯ ಮಕ್ಕಳೇ, ಮಕ್ಕಳ ಪಕ್ಕ ಕೂತು ಇದನ್ನು ಓದಿ ಹೇಳುತ್ತಿರುವ ಅಜ್ಜ ಅಜ್ಜಿಯರೇ,

ಈ ವಾರ ಜೇನುಗೂಡಿನ ವಿಷಯ ಬರೆಯುತ್ತೇನೆ ಅಂತ ಹೋದ ವಾರ ಮಾತು ಕೊಟ್ಟಿದ್ದೆ. ಕ್ಷಮಿಸಿ, ಜೇನು ಮುಂದಿನ ವಾರಕ್ಕೆ ಹಾರಿತು. ಎಚ್.ಡಿ. ಕೋಟೆ ತಾಲ್ಲೂಕಿನ ಎನ್. ಬೇಗೂರಿನಿಂದ ಆರನೇ ತರಗತಿಯ ಹುಡುಗಿಯೊಬ್ಬಳ ಪತ್ರ ಬಂದಿದೆ. ಅದಕ್ಕೆ ಮೊದಲು ಉತ್ತರ ಕೊಡಲೇಬೇಕು. ಹೆಸರು ಹಾಕಬೇಡಿ ಅಂತ ಅವಳೇ ಹೇಳಿದ್ದಾಳೆ. ಪತ್ರ ಹೀಗಿದೆ:

"ತಾತ, ನಮ್ಮ ಅಜ್ಜಿಗೆ ರಾತ್ರಿ ಹೊತ್ತು ಉಬ್ಬಸ ಬಂತು. 108ರಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ಅಲ್ಲಿ ಡಾಕ್ಟ್ರಮ್ಮ ಅಜ್ಜಿ ಎದೆಗೆ ತಣ್ಣನೆ ಅಂಟು ಹಚ್ಚಿ, ಕಟಿಂಗ್ ಶಾಪಿನ ಮಿಷನ್ ಥರದ್ದನ್ನ ಒತ್ತಿ ಒತ್ತಿ ಮೊಬೈಲ್‌ನಲ್ಲಿ ನೋಡಿದ್ರು. ಸ್ಕ್ಯಾನಿಂಗ್ ಅಂತ ಹೇಳಿದ್ರು. ನಮ್ಮ ಚಿಕ್ಕಮ್ಮಂಗೂ ಪಾಪು ಆಗೋಕೆ ಮುಂಚೆ ಸ್ಕ್ಯಾನಿಂಗ್ ಮಾಡಿದ್ರು. ನಮ್ಮ ಅಜ್ಜಿಗೂ ಪಾಪು ಆಗುತ್ತಾ? ಸ್ಕೂಲಲ್ಲಿ ಕೇಳಿದ್ರೆ ಎಲ್ಲಾ ನಗ್ತಾರೆ. ಬೇಗ ಬರೀರಿ."

ನಾನೂ ನಕ್ಕೆ. ನನ್ನ ಹೆಂಡತಿ ಪತ್ರ ಕಿತ್ತುಕೊಂಡು ಓದಿ, "ನಗೋದೇನು ಬಂತು? ಆ ಮಗು ಹೆದರಿಕೊಂಡಿದೆ, ಅಜ್ಜಿಗೆ ಏನಾಗಿದೆ ಅಂತ ಯಾರೂ ಅದಕ್ಕೆ ಹೇಳಿಲ್ಲ" ಅಂದಳು. ಹೌದಲ್ಲ! ಮನೆಯಲ್ಲಿ ದೊಡ್ಡವರಿಗೆ ಕಾಯಿಲೆಯಾದರೆ ಮಕ್ಕಳನ್ನು ಆಚೆ ಆಟಕ್ಕೆ ಕಳಿಸಿಬಿಡುತ್ತೇವೆ. ಪತ್ರದ ಕೊನೆಯಲ್ಲಿ ಅವಳ ಅಪ್ಪನ ಫೋನ್ ನಂಬರಿತ್ತು. ಮಾತಾಡಿದೆ. ಆಮೇಲೆ ಡಾಕ್ಟರಾಗಿರುವ ನನ್ನ ತಂಗಿಯ ಮಗಳಿಗೂ ಫೋನ್ ಮಾಡಿ, ಗೊತ್ತಿಲ್ಲದ್ದನ್ನೆಲ್ಲ ಕೇಳಿ ಬರೆದುಕೊಂಡೆ.

ಎನ್. ಬೇಗೂರು ಎಲ್ಲಿದೆ ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಮೈಸೂರಿನಿಂದ ಎಚ್.ಡಿ. ಕೋಟೆಗೆ ಬಂದು, ಅಲ್ಲಿಂದ ಇನ್ನೂ ಕಾಡಿನ ಕಡೆಗೆ ಹೋಗಬೇಕು. ಆ ಸೀಮೆಯಲ್ಲಿ ಕಬಿನಿಯ ಹಿನ್ನೀರು, ಹತ್ತಿ ಮತ್ತು ರಾಗಿ ಹೊಲ, ಅದರಾಚೆ ಬಂಡೀಪುರದ ಕಾಡು. ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಒಂದು ವಲಯಕ್ಕೆ ಎನ್. ಬೇಗೂರು ವಲಯ ಅಂತಲೇ ಹೆಸರು. ಸುತ್ತಮುತ್ತ ಜೇನುಕುರುಬರ, ಕಾಡುಕುರುಬರ ಹಾಡಿಗಳಿವೆ. ಅಲ್ಲಿ ರಾತ್ರಿ ಯಾರಿಗಾದರೂ ಮೈ ಹುಷಾರಿಲ್ಲ ಅಂದರೆ ಮೊದಲು ಕೇಳಬೇಕಾದ ಪ್ರಶ್ನೆ "ಯಾವ ಮಾತ್ರೆ?" ಅಂತ ಅಲ್ಲ. "ಈಗಲೇ ಹೊರಡಬೇಕಾ, ಬೆಳಗಾಗೋವರೆಗೆ ಕಾಯಬಹುದಾ?" ಅಂತ. ದಾರಿಯಲ್ಲಿ ಆನೆ ನಿಂತಿರಬಹುದು. ಆ ರಾತ್ರಿಯೂ ನಿಂತಿತ್ತಂತೆ. ಡ್ರೈವರ್ ಹಾರ್ನ್ ಹೊಡೆಯದೆ ಸುಮ್ಮನೆ ಕಾದರಂತೆ. ಒಳಗೆ ಅಜ್ಜಿ ಮಲಗಲೂ ಆಗದೆ, ಮಗನ ಹೆಗಲಿಗೆ ಒರಗಿ ಕೂತು ಏದುಸಿರು ಬಿಡುತ್ತಿದ್ದರು. ಆ ಕಾಯುವಿಕೆ ಹತ್ತು ನಿಮಿಷದ್ದೋ ಅರ್ಧ ಗಂಟೆಯದ್ದೋ, ಅವಳ ಅಪ್ಪನಿಗೆ ಈಗಲೂ ಹೇಳಲು ಬರುವುದಿಲ್ಲ.

ಆಸ್ಪತ್ರೆ ಮುಟ್ಟಿದ ಮೇಲೆ ಡಾಕ್ಟ್ರಮ್ಮನ ಕಷ್ಟ ಶುರು. ಉಸಿರು ಕಟ್ಟುವುದಕ್ಕೆ ಕಾರಣ ಒಂದೇ ಅಲ್ಲ. ಐವತ್ತು ವರ್ಷ ಒಲೆ ಊದಿದ ಹೊಗೆಯಿಂದ ಶ್ವಾಸನಾಳ ಬಿಗಿದಿರಬಹುದು. ನ್ಯುಮೋನಿಯಾ ಇರಬಹುದು. ಶ್ವಾಸಕೋಶದ ಸುತ್ತ ನೀರು ತುಂಬಿರಬಹುದು. ಅಥವಾ ಹೃದಯ ಸುಸ್ತಾಗಿ, ರಕ್ತವನ್ನು ಮುಂದಕ್ಕೆ ತಳ್ಳಲಾಗದೆ, ಶ್ವಾಸಕೋಶದೊಳಗೇ ನೀರು ಜಿನುಗುತ್ತಿರಬಹುದು. ಹೊರಗಿನಿಂದ ನೋಡಿದರೆ ನಾಲ್ಕೂ ಒಂದೇ ಥರ. ಸ್ಟೆತಾಸ್ಕೋಪ್‌ನಲ್ಲಿ ಕೇಳಿದರೂ ಕೆಲವು ಸಲ ಒಂದೇ ಥರದ ಗೊರಗೊರ. ಆದರೆ ಔಷಧಿ ಮಾತ್ರ ಬೇರೆ ಬೇರೆ. ಹೃದಯ ಸುಸ್ತಾದವರಿಗೆ ಗ್ಲೂಕೋಸ್ ಬಾಟಲಿ ಏರಿಸಿದರೆ ಮುಳುಗುತ್ತಿರುವವರ ಮೇಲೆ ಇನ್ನೊಂದು ಕೊಡ ನೀರು ಸುರಿದಂತೆ. ನಮ್ಮ ಕಡೆ ಒಂದು ಅಭ್ಯಾಸ ಇದೆ ನೋಡಿ, ಏನೇ ಆದರೂ "ಒಂದು ಬಾಟಲಿ ಹಾಕ್ಸಿಬಿಡಿ ಡಾಕ್ಟ್ರೇ" ಅನ್ನುವುದು. ಅಜ್ಜಿಯೂ ಅದನ್ನೇ ಕೇಳಿದರಂತೆ.

ಡಾಕ್ಟ್ರಮ್ಮ ಬಾಟಲಿ ಹಾಕಲಿಲ್ಲ. ಜೇಬಿನಿಂದ ಆ ಕಟಿಂಗ್ ಮಿಷನ್ ತೆಗೆದರು.

ಅದು ಅಲ್ಟ್ರಾಸೌಂಡ್ ಯಂತ್ರ ಮಕ್ಕಳೇ. ಕತ್ತಲೆ ಕೋಣೆಯಲ್ಲಿ ಬೀರುವಿನಷ್ಟು ದೊಡ್ಡದಾಗಿ ಕೂತಿರುತ್ತಲ್ಲ, ಅದರ ಮೊಮ್ಮಗು. ಕೈಯಲ್ಲಿ ಹಿಡಿಯುವ ತುಂಡು ಒಂದು, ಚಿತ್ರ ತೋರಿಸಲು ಮೊಬೈಲು ಅಥವಾ ಟ್ಯಾಬ್ ಒಂದು, ಅಷ್ಟೇ. ರೋಗಿಯನ್ನು ಯಂತ್ರದ ಹತ್ತಿರ ಒಯ್ಯುವ ಬದಲು ಯಂತ್ರವೇ ರೋಗಿಯ ಮಂಚದ ಹತ್ತಿರ ಬರುತ್ತದೆ.

ಅದು ಒಳಗೆ ನೋಡುವುದು ಹೇಗೆ? ನೋಡುವುದಿಲ್ಲ, ಕೂಗುತ್ತದೆ! ಕೂಗಿ, ಮರುದನಿಗೆ ಕಿವಿಗೊಡುತ್ತದೆ. ಹಳೇ ಬಾವಿಗೆ ಬಗ್ಗಿ "ಕೂ" ಅಂದರೆ ಬಾವಿಯೂ "ಕೂ" ಅನ್ನುತ್ತದಲ್ಲ, ಹಾಗೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಎದುರಿನ ಬಂಡೆಗೆ ಕೂಗಿದ ಮರುದನಿ ಸರಿಯಾಗಿ 1 ಸೆಕೆಂಡಿಗೆ ಬಂತು ಅನ್ನಿ. ಹೋಗಿ ಬಂದದ್ದು 340 ಮೀಟರ್, ಆದ್ದರಿಂದ ಬಂಡೆ ಇರುವುದು 170 ಮೀಟರ್ ದೂರ. ಟೇಪು ಹಿಡಿಯದೆ ಅಳೆದುಬಿಟ್ಟಿರಿ. ಬಾವಲಿ ಕತ್ತಲಲ್ಲಿ ಹುಳ ಹಿಡಿಯುವುದೂ ಇದೇ ಲೆಕ್ಕದಲ್ಲಿ.

ನಮ್ಮ ಕಿವಿಗೆ ಕೇಳಿಸುವುದು ಸೆಕೆಂಡಿಗೆ 20ರಿಂದ 20,000 ಸಲ ಕಂಪಿಸುವ ಶಬ್ದ. ಈ ಯಂತ್ರ ಹೊರಡಿಸುವುದು ಸೆಕೆಂಡಿಗೆ ಕೆಲವು ದಶಲಕ್ಷ ಸಲ ಕಂಪಿಸುವಂಥದ್ದು. ನಾಯಿಗೂ ಕೇಳಿಸದು. ದೇಹದ ಮೆದು ಭಾಗದಲ್ಲಿ ಅದು ಸೆಕೆಂಡಿಗೆ ಸುಮಾರು 1,540 ಮೀಟರ್ ಓಡುತ್ತದೆ. ಚರ್ಮದಿಂದ 10 ಸೆಂಟಿಮೀಟರ್ ಒಳಗಿರುವ ಒಂದು ಗೋಡೆಗೆ ಬಡಿದು ಬರಲು ಎಷ್ಟು ಹೊತ್ತು ಬೇಕು? ಏಳನೇ ತರಗತಿಯವರು ಪೆನ್ಸಿಲ್ ಹಿಡಿದು ಲೆಕ್ಕ ಮಾಡಿ. 0.20 ಮೀಟರನ್ನು 1,540ರಿಂದ ಭಾಗಿಸಿದರೆ ಸೆಕೆಂಡಿನ ಹತ್ತು ಸಾವಿರದ ಒಂದು ಪಾಲಿಗಿಂತ ಚೂರು ಹೆಚ್ಚು ಬರುತ್ತದೆ. ಯಂತ್ರ ಇಂಥ ಸಾವಿರಾರು ಮರುದನಿಗಳನ್ನು ಅಳೆದು, ಜೋರಾಗಿ ಬಂದದ್ದಕ್ಕೆ ಬಿಳಿ ಚುಕ್ಕಿ, ಮೆಲ್ಲಗೆ ಬಂದದ್ದಕ್ಕೆ ಬೂದು ಚುಕ್ಕಿ, ಬಾರದ ಕಡೆ ಕಪ್ಪು ಇಟ್ಟು ರಂಗೋಲಿ ಹಾಕುತ್ತದೆ. ನೀರು, ರಕ್ತ ಕಪ್ಪಗೆ ಕಾಣುತ್ತವೆ. ಮೂಳೆ ಬೆಳ್ಳಗೆ ಹೊಳೆದು ಹಿಂದೆ ನೆರಳು ಬಿಡುತ್ತದೆ. ಎಕ್ಸ್-ರೇಯ ಹಾಗೆ ಇಲ್ಲಿ ವಿಕಿರಣ ಇಲ್ಲ. ಬರೀ ಶಬ್ದ.

ಇನ್ನು ಆ ಅಂಟು. ಚರ್ಮಕ್ಕೂ ಯಂತ್ರಕ್ಕೂ ನಡುವೆ ಕೂದಲೆಳೆಯಷ್ಟು ಗಾಳಿ ಇದ್ದರೂ ಶಬ್ದ ಅಲ್ಲಿಂದಲೇ ವಾಪಸಾಗುತ್ತದೆ, ಒಳಗೆ ಹೋಗುವುದೇ ಇಲ್ಲ. ಆ ಸಂದನ್ನು ಮುಚ್ಚಲು ಜೆಲ್ ಹಚ್ಚುತ್ತಾರೆ. "ಐಸ್ ಇಟ್ಟಂಗಾಯ್ತು ಕಣವ್ವ" ಅಂತ ಅಜ್ಜಿ ಮೊಮ್ಮಗಳಿಗೆ ಹೇಳಿದ್ದು ಅದನ್ನೇ. ಅದರಿಂದ ಮೈಗೆ ಏನೂ ಆಗುವುದಿಲ್ಲ, ಒರೆಸಿದರೆ ಹೋಗುತ್ತದೆ.

ಈಗ ನನಗೆ ಬಹಳ ಇಷ್ಟವಾದ ಭಾಗಕ್ಕೆ ಬಂದೆ. ಗಾಳಿ ಶಬ್ದವನ್ನು ತಡೆಯುತ್ತದೆ ಅಂದೆನಲ್ಲ, ಹಾಗಾದರೆ ಗಾಳಿಯ ಚೀಲವೇ ಆದ ಶ್ವಾಸಕೋಶದಲ್ಲಿ ಏನು ಕಾಣಬೇಕು? ಏನೂ ಕಾಣುವುದಿಲ್ಲ ಅಂತಲೇ ಡಾಕ್ಟರುಗಳೂ ಬಹಳ ಕಾಲ ಅಂದುಕೊಂಡಿದ್ದರು. ಫ್ರಾನ್ಸಿನ ಡೇನಿಯಲ್ ಲಿಕ್ಟೆನ್‌ಸ್ಟೀನ್ ಎಂಬ ವೈದ್ಯರು ತೀವ್ರ ನಿಗಾ ಘಟಕದ ರೋಗಿಗಳ ಎದೆಯ ಮೇಲೆ ಯಂತ್ರ ಇಟ್ಟು ವರ್ಷಾನುಗಟ್ಟಲೆ ನೋಡಿದವರು. ಕಾಣದಿರುವುದರಲ್ಲೂ ಒಂದು ಗುರುತು ಇದೆ ಎಂದು ತೋರಿಸಿಕೊಟ್ಟರು. ಆರೋಗ್ಯವಾದ ಶ್ವಾಸಕೋಶದ ಮೇಲೆ ಯಂತ್ರ ಇಟ್ಟರೆ ಏಣಿಯ ಮೆಟ್ಟಿಲಿನ ಹಾಗೆ ಸಮದೂರದಲ್ಲಿ ಅಡ್ಡಗೆರೆಗಳು. ಅದೇ ಶ್ವಾಸಕೋಶಕ್ಕೆ ನೀರು ಜಿನುಗಿದ್ದರೆ ಅಡ್ಡಗೆರೆ ಮಾಯವಾಗಿ, ಹೆಂಚಿನ ಸಂದಿಯಿಂದ ಬಿಸಿಲುಕೋಲು ಇಳಿದ ಹಾಗೆ ಮೇಲಿಂದ ಕೆಳಗೆ ಬೆಳಕಿನ ಉದ್ದಗೆರೆಗಳು. ಯಾವ ಗುರುತು ಕಂಡರೆ ಯಾವ ಕಾಯಿಲೆ ಎಂದು ಕೆಲವೇ ನಿಮಿಷದಲ್ಲಿ ತೀರ್ಮಾನಿಸುವ ಒಂದು ಕ್ರಮವನ್ನು ಅವರು 2008ರಲ್ಲಿ ಪ್ರಕಟಿಸಿದರು.

ಎನ್. ಬೇಗೂರಿನ ಅಜ್ಜಿಯ ಎದೆಯಲ್ಲಿ ಎರಡೂ ಕಡೆ ಬಿಸಿಲುಕೋಲು. ಡಾಕ್ಟ್ರಮ್ಮ ಯಂತ್ರವನ್ನು ಸ್ವಲ್ಪ ಎಡಕ್ಕೆ ಸರಿಸಿ ಹೃದಯ ನೋಡಿದರು. ಮುಷ್ಟಿ ಬಿಗಿದು ಬಿಡುವ ಹಾಗೆ ಹಿಂಡಬೇಕಾದ ಹೃದಯ ಅರೆಮನಸ್ಸಿನಿಂದ ಅಲ್ಲಾಡುತ್ತಿತ್ತು. ಹೊಗೆಯೂ ಅಲ್ಲ, ನ್ಯುಮೋನಿಯಾವೂ ಅಲ್ಲ, ಹೃದಯದ ಸುಸ್ತು. ಎರಡು ನಿಮಿಷದಲ್ಲಿ ಗೊತ್ತಾಯಿತು. ಆಮ್ಲಜನಕ ಕೊಟ್ಟು, ಮೈಯ ಹೆಚ್ಚಿನ ನೀರನ್ನು ಮೂತ್ರದಲ್ಲಿ ಹೊರಹಾಕುವ ಇಂಜೆಕ್ಷನ್ ಕೊಟ್ಟರು. ಬೆಳಗಿನ ಜಾವಕ್ಕೆ ಅಜ್ಜಿ ಎರಡು ದಿಂಬಿಟ್ಟುಕೊಂಡು ಮಲಗಿದರಂತೆ. ಮೂರು ರಾತ್ರಿಯಿಂದ ಅವರು ಕಂಬಕ್ಕೊರಗಿ ಕೂತೇ ನಿದ್ದೆ ಮಾಡುತ್ತಿದ್ದದ್ದು ಮನೆಯವರಿಗೆ ಗೊತ್ತಾದದ್ದೇ ಆವಾಗ. ಅಜ್ಜಿಯರೇ, ಅಜ್ಜಂದಿರೇ, ಮಲಗಿದರೆ ಉಸಿರು ಕಟ್ಟುತ್ತದೆ, ಕಾಲು ಊದಿದೆ ಅನ್ನುವುದನ್ನು ದಯವಿಟ್ಟು ಮುಚ್ಚಿಡಬೇಡಿ. "ಮಕ್ಕಳಿಗ್ಯಾಕೆ ತೊಂದರೆ" ಅನ್ನುವ ನಿಮ್ಮ ಸಂಕೋಚದಿಂದ ಮಕ್ಕಳಿಗೆ ಆಗುವ ತೊಂದರೆಯೇ ದೊಡ್ಡದು.

ಈ ಯಂತ್ರದ ವಂಶಾವಳಿ ತಮಾಷೆಯಾಗಿದೆ. ಸ್ಕಾಟ್ಲೆಂಡಿನ ಗ್ಲಾಸ್ಗೊ ಹಡಗು ಕಟ್ಟುವ ಊರು. ಅದರ ಹತ್ತಿರದ ಒಂದು ಬಾಯ್ಲರ್ ಕಾರ್ಖಾನೆಯಲ್ಲಿ ಲೋಹದ ಬೆಸುಗೆಯೊಳಗೆ ಬಿರುಕಿದೆಯೇ ಎಂದು ಶಬ್ದದಿಂದ ಪರೀಕ್ಷಿಸುವ ಯಂತ್ರ ಇತ್ತು. 1955ರಲ್ಲಿ ಇಯಾನ್ ಡೊನಾಲ್ಡ್ ಎಂಬ ಹೆರಿಗೆ ವೈದ್ಯರು ಆಸ್ಪತ್ರೆಯಲ್ಲಿ ತೆಗೆದ ಗಡ್ಡೆಗಳನ್ನು ಕಾರಿನಲ್ಲಿ ಹಾಕಿಕೊಂಡು ಆ ಕಾರ್ಖಾನೆಗೆ ಹೋದರು! ಲೋಹದ ಬಿರುಕು ಕಾಣುವುದಾದರೆ ಗಡ್ಡೆಯ ಒಳಗು ಯಾಕೆ ಕಾಣಬಾರದು ಅನ್ನುವುದು ಅವರ ಯೋಚನೆ. ಕಂಡಿತು. ಎಂಜಿನಿಯರ್ ಟಾಮ್ ಬ್ರೌನ್ ಮತ್ತು ಡಾಕ್ಟರ್ ಜಾನ್ ಮ್ಯಾಕ್‌ವಿಕಾರ್ ಜೊತೆ ಸೇರಿ 1958ರಲ್ಲಿ ಅವರು ಬರೆದ ಲೇಖನದಿಂದ ಹೊಟ್ಟೆಯ ಸ್ಕ್ಯಾನಿಂಗ್ ಲೋಕಕ್ಕೆ ಪರಿಚಯವಾಯಿತು. ಅವರ ಮೊದಮೊದಲ ರೋಗಿಗಳಲ್ಲಿ ಒಬ್ಬ ಹೆಂಗಸಿಗೆ ವಾಸಿಯಾಗದ ಹೊಟ್ಟೆಯ ಕ್ಯಾನ್ಸರ್ ಎಂದು ಹೇಳಿಯಾಗಿತ್ತು. ಯಂತ್ರ ತೋರಿಸಿದ್ದು ನೀರು ತುಂಬಿದ ದೊಡ್ಡ ಗಡ್ಡೆಯನ್ನು. ಅದನ್ನು ತೆಗೆದರು, ಆಕೆ ಉಳಿದರು. ಆಮೇಲೆ ಅಮೆರಿಕದ ಸೇನೆ, ಯುದ್ಧಭೂಮಿಯಲ್ಲಿ ಗಾಯಾಳುವಿನ ಪಕ್ಕಕ್ಕೇ ಒಯ್ಯುವಂಥದ್ದು ಬೇಕು ಎಂದು ಹಣ ಹಾಕಿತು. ಅದರ ಫಲವಾಗಿ 1999ರಲ್ಲಿ ಎರಡೂವರೆ ಕಿಲೋ ತೂಕದ, ಕೈಯಲ್ಲಿ ಹಿಡಿದು ಓಡಾಡಬಹುದಾದ ಯಂತ್ರ ಮಾರುಕಟ್ಟೆಗೆ ಬಂತು. ಈಗಿನದು ಜೇಬಿಗಿಳಿದಿದೆ. ಬಾಹ್ಯಾಕಾಶ ನಿಲ್ದಾಣದಲ್ಲೂ ಅಲ್ಟ್ರಾಸೌಂಡ್ ಇದೆ. ಭೂಮಿಯ ಮೇಲಿನ ಡಾಕ್ಟರು "ಸ್ವಲ್ಪ ಕೆಳಗೆ, ಈಗ ಎಡಕ್ಕೆ" ಎಂದು ಹೇಳಿಕೊಡುತ್ತಾ, ಡಾಕ್ಟರಲ್ಲದ ಗಗನಯಾತ್ರಿಯ ಕೈಯಿಂದಲೇ ನೋಡಿಸಿದ್ದಾರೆ.

ನಮ್ಮ ಎನ್. ಬೇಗೂರಿನಂಥ ಊರಿಗೆ ಇದರಿಂದ ಮತ್ತೇನು ಉಪಯೋಗ ಅಂತ ತಂಗಿಯ ಮಗಳನ್ನು ಕೇಳಿದೆ. "ಮಾವ, ಆನೆ ತಳ್ಳಿದವರು, ಮರದಿಂದ ಬಿದ್ದವರು ಬರ್ತಾರಲ್ಲ, ಅವರಿಗೆ ಮೊದಲು" ಅಂದಳು. ಇಂಥವರಲ್ಲಿ ಕೆಲವರು ನೋಡಲು ಸರಿಯಾಗೇ ಇರುತ್ತಾರೆ, ತರಚು ಗಾಯ ಮಾತ್ರ. "ಏನಿಲ್ಲ ಬುಡಿ ಸಾ, ಮನೆಗೋಯ್ತೀನಿ" ಅನ್ನುತ್ತಾರೆ. ಆದರೆ ಒಳಗೆ ಗುಲ್ಮವೋ ಯಕೃತ್ತೋ ಒಡೆದು ರಕ್ತ ಸೋರುತ್ತಿರಬಹುದು. ಡಾಕ್ಟರು ನಾಲ್ಕೇ ಕಡೆ ನೋಡುತ್ತಾರೆ: ಹೊಟ್ಟೆಯ ಬಲಪಕ್ಕ, ಎಡಪಕ್ಕ, ಹೊಕ್ಕುಳಿನ ಕೆಳಗೆ, ಮತ್ತು ಹೃದಯದ ಸುತ್ತ. ಇರಬಾರದ ಕಡೆ ಕಪ್ಪು ಕಂಡರೆ ಆ ಮನುಷ್ಯ ಮನೆಗಲ್ಲ, ಮೈಸೂರಿಗೆ ಹೊರಡಬೇಕು, ಅದೂ ಆ ಕ್ಷಣ. ಡೆಂಗಿ ಜ್ವರದ ಮಗುವಿನ ಹೊಟ್ಟೆಯಲ್ಲಿ, ಎದೆಯಲ್ಲಿ ನೀರು ಸೇರಲು ಶುರುವಾಗಿದೆಯೇ ಎಂದು ನೋಡಬಹುದು. ಸೂಜಿ ಚುಚ್ಚಲು ನರವೇ ಸಿಗದ ಮುದುಕರ ಕೈಯಲ್ಲಿ ರಕ್ತನಾಳ ಹುಡುಕಬಹುದು. ನನಗಂತೂ ಇದೊಂದೇ ಸಾಕು, ಹೋದ ವರ್ಷ ನನ್ನ ಕೈಯನ್ನು ಐದು ಕಡೆ ಚುಚ್ಚಿದ್ದರು. ದನದ ಡಾಕ್ಟರುಗಳೂ ಹಸು ಗಬ್ಬವಾಗಿದೆಯೇ ಎಂದು ನೋಡಲು ಇಂಥದ್ದನ್ನು ಇಟ್ಟುಕೊಂಡಿರುತ್ತಾರೆ.

ಹಾಗೆಂದು ಇದು ಮಾಯಾಕನ್ನಡಿಯಲ್ಲ. ದೊಡ್ಡ ಯಂತ್ರದ ಮುಂದೆ ರೇಡಿಯಾಲಜಿ ತಜ್ಞರು ಅರ್ಧ ಗಂಟೆ ಕೂತು ಮಾಡುವ ಪರೀಕ್ಷೆಗೆ ಇದು ಸಾಟಿಯಲ್ಲ. ಇದಕ್ಕೆ ಒಂದೊಂದೇ ಪ್ರಶ್ನೆ ಕೇಳಬೇಕು. ನೀರಿದೆಯಾ, ಇಲ್ಲವಾ? ಹೃದಯ ಹಿಂಡುತ್ತಿದೆಯಾ, ಇಲ್ಲವಾ? ಹಿಡಿದ ಕೈ ಪಳಗಿರದಿದ್ದರೆ ಅದಕ್ಕೂ ತಪ್ಪು ಉತ್ತರವೇ. ರೋಗಿಯ ತಪ್ಪೂ ಸೇರಬಹುದು. ನನಗೆ ಪಿತ್ತಕೋಶದಲ್ಲಿ ಕಲ್ಲಿದೆಯೇ ಎಂದು ನೋಡಲು ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದಿದ್ದರು. ನಾನು ಬಸ್‌ಸ್ಟ್ಯಾಂಡ್ ಹೋಟೆಲಿನಲ್ಲಿ ಎರಡೇ ಎರಡು ಇಡ್ಲಿ ತಿಂದು ಹೋದೆ. ಊಟ ಬಿದ್ದ ಕೂಡಲೇ ಪಿತ್ತಕೋಶ ಮುದುಡಿಕೊಳ್ಳುತ್ತದಂತೆ, ಏನೂ ಸರಿಯಾಗಿ ಕಾಣಲಿಲ್ಲ. "ಇಡ್ಲಿ ತಿಂದ್ರಾ?" ಅಂತ ಅವರು ಕೇಳಿದಾಗ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಮೀಸೆಯ ಮೇಲೆ ಚಟ್ನಿ ಇತ್ತು.

ಈಗ ಪತ್ರದ ಹುಡುಗಿ ಫೋನಿನಲ್ಲಿ ಕೇಳಿದ ಇನ್ನೊಂದು ಪ್ರಶ್ನೆ. "ಅಷ್ಟು ಚಿಕ್ಕ ಮಿಷನ್ ಆದ್ರೆ ಡಾಕ್ಟ್ರಮ್ಮ ಬ್ಯಾಗಲ್ಲಿ ಹಾಕ್ಕೊಂಡು ನಮ್ಮೂರಿಗೇ ಬರಬಹುದಿತ್ತಲ್ಲ ತಾತ? ಅಜ್ಜಿ ಆನೆ ದಾರೀಲಿ ಹೋಗ್ಬೇಕಿರಲಿಲ್ಲ."

ಬಹಳ ಸರಿಯಾದ ಪ್ರಶ್ನೆ. ಉತ್ತರ ಹೇಳಲು ನನಗೆ ಸ್ವಲ್ಪ ನಾಚಿಕೆ. ಈ ಪ್ರಶ್ನೆಗೆ ಕಾರಣರಾದವರು ನಾವು ದೊಡ್ಡವರು.

ನಮ್ಮ ದೇಶದಲ್ಲಿ ಇಂಥ ಯಂತ್ರವನ್ನು ಬೇಕೆಂದ ಕಡೆ ಒಯ್ಯುವಂತಿಲ್ಲ. ಪ್ರತಿಯೊಂದನ್ನೂ ನೋಂದಾಯಿಸಬೇಕು. ಒಯ್ಯಬಹುದಾದ ಯಂತ್ರವನ್ನು ನೋಂದಾಯಿತ ಆಸ್ಪತ್ರೆಯ ಒಳಗೆ, ಅಲ್ಲಿ ದಾಖಲಾದ ರೋಗಿಗಳಿಗೆ ಬಳಸಬಹುದು. ಇಲ್ಲವೇ ಬೇರೆ ಚಿಕಿತ್ಸೆಗಳನ್ನೂ ಕೊಡುವ ಸಂಚಾರಿ ಆಸ್ಪತ್ರೆ ವಾಹನದಲ್ಲಿ ಇಟ್ಟುಕೊಳ್ಳಬಹುದು. 2012ರಲ್ಲಿ ಬಂದ ನಿಯಮ ಇದು. ಅದರ ಬೇರು 1994ರ ಕಾಯ್ದೆಯಲ್ಲಿದೆ. ಹೊಟ್ಟೆಯಲ್ಲಿರುವ ಮಗು ಗಂಡೋ ಹೆಣ್ಣೋ ಎಂದು ನೋಡಿ ಹೇಳುವುದೂ ಅಪರಾಧ, ಕೇಳುವುದೂ ಅಪರಾಧ ಎನ್ನುತ್ತದೆ ಆ ಕಾಯ್ದೆ. ಯಾಕೆ ಅಂದರೆ, ಹೆಣ್ಣು ಅಂತ ಗೊತ್ತಾದರೆ ಆ ಮಗು ಹುಟ್ಟದಂತೆ ಮಾಡುವ ಮನೆಗಳಿವೆ ಮಕ್ಕಳೇ. 1991ರ ಜನಗಣತಿಯಲ್ಲಿ ದೇಶದಲ್ಲಿ ಆರು ವರ್ಷದೊಳಗಿನ 1,000 ಗಂಡುಮಕ್ಕಳಿಗೆ 945 ಹೆಣ್ಣುಮಕ್ಕಳಿದ್ದರು. 2001ರಲ್ಲಿ 927. ಆ ಕಡಿಮೆಯಾದವರು ನಿಮ್ಮ ಬೆಂಚಿನ ಪಕ್ಕದಲ್ಲಿ ಕೂರಬೇಕಾಗಿದ್ದವರ ಅಕ್ಕಂದಿರು.

ಇದು ಉತ್ತರ ಭಾರತದ ಕಥೆ ಎಂದು ಅಜ್ಜಂದಿರು ಮೂಗು ಮುರಿಯಬೇಡಿ. 2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಬಯಲಿಗೆಳೆದ ಜಾಲ ಕದ್ದು ಸ್ಕ್ಯಾನಿಂಗ್ ಮಾಡುತ್ತಿದ್ದದ್ದು ನಮ್ಮ ಪಕ್ಕದ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ. ಬೆಲ್ಲ ಮಾಡುವ ಜಾಗದಲ್ಲಿ! ಸಣ್ಣ ಯಂತ್ರ ಎಲ್ಲಿಗೆ ಬೇಕಾದರೂ ಹೋಗಬಲ್ಲದು, ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ. ಆದ್ದರಿಂದಲೇ ಸರ್ಕಾರ ಅದರ ಕಾಲು ಕಟ್ಟಿದೆ. ಆ ಕಟ್ಟಿನಿಂದ ಎನ್. ಬೇಗೂರಿನ ಅಜ್ಜಿಗೆ ತೊಂದರೆಯಾಯಿತು ಅನ್ನುವುದು ನಿಜ. ಕಟ್ಟು ಬಿಚ್ಚಿದರೆ ಹುಟ್ಟಬೇಕಾದ ಇನ್ನೊಂದು ಹುಡುಗಿಗೆ ತೊಂದರೆಯಾಗುತ್ತದೆ ಅನ್ನುವುದೂ ನಿಜ. ಎದೆ, ಕಣ್ಣು ಮಾತ್ರ ನೋಡುವ ಯಂತ್ರಗಳಿಗೆ ಬೇರೆ ನಿಯಮ ಮಾಡಬಹುದಲ್ಲ ಎಂದು ಕೇಳಿದರೆ ನನ್ನ ತಂಗಿಯ ಮಗಳು, "ಯಂತ್ರಕ್ಕೆ ಎದೆ ಯಾವುದು ಹೊಟ್ಟೆ ಯಾವುದು ಗೊತ್ತಿಲ್ಲ ಮಾವ, ಒತ್ತಿದ ಕಡೆ ನೋಡುತ್ತೆ" ಅಂದಳು. ನನಗನ್ನಿಸುವುದು, ಸದ್ಯಕ್ಕೆ ಕಟ್ಟು ಇರಲಿ, ಸಂಚಾರಿ ಆಸ್ಪತ್ರೆಯ ವಾಹನಗಳು ಹೆಚ್ಚಲಿ. ಈ ಸೀಮೆಗೆ ಡಾಕ್ಟರುಗಳು ಹುಡುಕಿಕೊಂಡು ಬಂದ ಉದಾಹರಣೆ ಇದೆ. ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಓದುತ್ತಿದ್ದ ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಇದೇ ಕೋಟೆ ಸೀಮೆಯ ಹಾಡಿಗಳಿಗೆ ಬಂದು, ಕೆಂಚನಹಳ್ಳಿಯಲ್ಲಿ, ಸರಗೂರಿನಲ್ಲಿ ಆಸ್ಪತ್ರೆ ನಡೆಸಿತು.

ನನ್ನ ಮನೆಯ ಮಾತನ್ನೂ ಹೇಳಿಬಿಡುತ್ತೇನೆ. ನನಗೆ ಎರಡನೆಯ ಮಗಳು ಹುಟ್ಟಿದಾಗ ನನ್ನ ಅವ್ವ ಮೂರು ದಿನ ಆಸ್ಪತ್ರೆ ಕಡೆ ಬರಲಿಲ್ಲ. ಒಳ್ಳೆಯವಳು ನಮ್ಮವ್ವ, ಕರುವಿಗೆ ಹಾಲು ಬಿಡದೆ ಹಸು ಕರೆದವಳಲ್ಲ. ನಾಲ್ಕನೆಯ ದಿನ ಬಂದು ಮಗುವನ್ನು ಎತ್ತಿಕೊಂಡಳು, ಆಮೇಲೆ ಕೆಳಗಿಳಿಸಲಿಲ್ಲ. ಕೊನೆಗಾಲದಲ್ಲಿ ಅವಳ ಬಾಯಿಗೆ ನೀರು ಬಿಟ್ಟವಳೂ ಆ ಮಗಳೇ. ಆದರೆ ಆ ಮೂರು ದಿನ ನನ್ನ ಹೆಂಡತಿ ಇವತ್ತಿಗೂ ಮರೆತಿಲ್ಲ. ಸೊಸೆಯನ್ನೋ ಮಗಳನ್ನೋ ಸ್ಕ್ಯಾನಿಂಗಿಗೆ ಕರೆದುಕೊಂಡು ಹೋಗುವ ಅಜ್ಜಿಯರಿಗೆ ಒಂದು ಕೋರಿಕೆ. ಹೊರಗೆ ಬಂದ ಕೂಡಲೇ "ಯಾವ ಮಗುವಂತೆ?" ಅಂತ ಕಣ್ಣಲ್ಲಿ ಕೂಡ ಕೇಳಬೇಡಿ. ಊಟ ಮಾಡಿದೆಯಾ ಅಂತ ಕೇಳಿ.

ಸರಿ, ನನ್ನ ಎನ್. ಬೇಗೂರಿನ ಪುಟ್ಟಿ, ಈಗ ನಿನಗೆ ಉತ್ತರ. ನಿಮ್ಮ ಅಜ್ಜಿಗೆ ಪಾಪು ಆಗುವುದಿಲ್ಲ. ಅವರ ಹೃದಯಕ್ಕೆ ವಯಸ್ಸಾಗಿದೆ, ಅಷ್ಟೇ. ಕೊಟ್ಟ ಮಾತ್ರೆ ದಿನಾ ತಪ್ಪಿಸಬಾರದು, ಹುಷಾರಾದೆ ಅಂತ ನಿಲ್ಲಿಸಬಾರದು. ದಿನಾ ಬೆಳಗ್ಗೆ ಅವರ ಪಾದದ ಮೇಲೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡು. ಗುಳಿ ಬಿದ್ದು ಹಾಗೇ ಉಳಿದರೆ ಅಪ್ಪನಿಗೆ ಹೇಳು, ಆಶಾ ಅಕ್ಕನಿಗೂ ಹೇಳು. ರಾತ್ರಿ ಎಷ್ಟು ದಿಂಬು ಇಟ್ಟುಕೊಳ್ಳುತ್ತಾರೆ ಅಂತ ಎಣಿಸು. ಎರಡು ಇದ್ದದ್ದು ಮೂರಾದರೆ ಅದನ್ನೂ ಹೇಳು. ಇದಕ್ಕೆ ಯಾವ ಯಂತ್ರವೂ ಬೇಡ, ಯಾರ ಅನುಮತಿಯೂ ಬೇಡ.

ಇನ್ನು ಉಪ್ಪು. ಡಾಕ್ಟ್ರಮ್ಮ ಉಪ್ಪು ಕಡಿಮೆ ಮಾಡಿ ಅಂದಿದ್ದಾರೆ, ಅಜ್ಜಿ ಮಾತ್ರ ಮುದ್ದೆ ಜೊತೆ ಮಾವಿನಕಾಯಿ ಉಪ್ಪಿನಕಾಯಿ ಬಿಡುತ್ತಿಲ್ಲ ಅಂತ ನಿಮ್ಮಪ್ಪ ದೂರು ಹೇಳಿದರು. ಜಾಡಿಯನ್ನು ಎಲ್ಲಾದರೂ ಬಚ್ಚಿಡು. ಎಲ್ಲಿಟ್ಟೆ ಅಂತ ನನಗೆ ಮಾತ್ರ ಬರೆ. ಪತ್ರಿಕೆಯಲ್ಲಿ ಹಾಕುವುದಿಲ್ಲ, ನಿಮ್ಮಜ್ಜಿಯೂ ಇದನ್ನು ಓದಿಸಿಕೊಂಡು ಕೇಳುತ್ತಾರಂತೆ.

ಪ್ರೀತಿಯಿಂದ,
ನಿಮ್ಮ ತಾತ